ಜಪಾನಿಗೆ ಇಂಗ್ಲಿಷ್ ಮೇಷ್ಟ್ರು ಬೇಕಂತೆ

1890ರ ಆಗಸ್ಟ್ ಕೊನೆಯಲ್ಲಿ ಜಪಾನಿನ ಮಾತ್ಸುಎ ಎಂಬ ಊರಿಗೆ ಹೊಸ ಇಂಗ್ಲಿಷ್ ಮೇಷ್ಟ್ರು ಬಂದರು. ವಯಸ್ಸು ನಲವತ್ತು. ಒಂದು ಕಣ್ಣು ಕಾಣುತ್ತಿರಲಿಲ್ಲ. ಜಪಾನಿ ಭಾಷೆ ಬರುತ್ತಿರಲಿಲ್ಲ. ಕಾಲೇಜು ಡಿಗ್ರಿ ಅಂತ ತೋರಿಸಲು ಒಂದು ಕಾಗದವೂ ಇರಲಿಲ್ಲ. ಹೆಸರು ಲಾಫ್ಕಾಡಿಯೊ ಹರ್ನ್. ಗ್ರೀಸಿನ ಒಂದು ದ್ವೀಪದಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, ಅಮೆರಿಕದ ಸಿನ್ಸಿನಾಟಿ ಮತ್ತು ನ್ಯೂ ಆರ್ಲಿಯನ್ಸ್ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ವರದಿಗಾರನಾಗಿದ್ದ ಮನುಷ್ಯ. ಜಪಾನಿಗೆ ಹೋಗಿದ್ದೂ ಒಂದು ಅಮೆರಿಕನ್ ಮಾಸಪತ್ರಿಕೆಗೆ ಬರೆಯಲೆಂದೇ. ಜೊತೆಗೆ ಬಂದಿದ್ದ ಚಿತ್ರಕಾರನಿಗೆ ತನಗಿಂತ ಹೆಚ್ಚು ದುಡ್ಡು ಕೊಡುತ್ತಿದ್ದಾರೆ ಎಂದು ಗೊತ್ತಾದಾಗ ಪತ್ರಿಕೆಯ ಜೊತೆ ಜಗಳ ಮಾಡಿಕೊಂಡು ಸಂಬಂಧ ಕಡಿದುಕೊಂಡ. ಕಾಲಂ ಲೆಕ್ಕದಲ್ಲಿ ದುಡಿಯುವ ನಮ್ಮಂಥ ಸ್ಟ್ರಿಂಗರುಗಳಿಗೆ ಈ ಭಾಗ ವಿವರಿಸಿ ಹೇಳಬೇಕಾಗಿಲ್ಲ. ಪರಿಚಯದವರೊಬ್ಬರ ಶಿಫಾರಸಿನಿಂದ ಮೇಷ್ಟ್ರ ಕೆಲಸ ಸಿಕ್ಕಿತು.

ಮಾತ್ಸುಎ ದೊಡ್ಡ ಊರಲ್ಲ. ಒಂದು ಕೆರೆಯಂಥ ಸರೋವರ, ಹಳೇ ಕೋಟೆ, ಸುತ್ತ ಭತ್ತದ ಗದ್ದೆ. ಇವತ್ತಿಗೂ ಅಲ್ಲಿನ ಜನಸಂಖ್ಯೆ 2 ಲಕ್ಷದ ಆಸುಪಾಸು, ನಮ್ಮ ಹಾಸನ ನಗರದ ಅಳತೆಗೆ ಹತ್ತಿರದ ಊರು. ಅಂಥ ಊರಿನ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು ಹರ್ನ್‌ಗೆ ಕೊಟ್ಟ ಸಂಬಳ ತಿಂಗಳಿಗೆ 100 ಯೆನ್. ಪ್ರಾಂತ್ಯದ ಗವರ್ನರನ್ನು ಬಿಟ್ಟರೆ ಊರಿನಲ್ಲಿ ಅಷ್ಟು ಸಂಬಳ ಪಡೆಯುವವರು ಇರಲಿಲ್ಲ ಎಂದು ಹೇಳುತ್ತಾರೆ. ಅಂದರೆ, ನಮ್ಮ ಲೆಕ್ಕದಲ್ಲಿ, ಡಿಸಿ ಬಿಟ್ಟರೆ ಮೇಷ್ಟ್ರೇ.

ಅವರು ಮಾತ್ಸುಎಯಲ್ಲಿ ಇದ್ದದ್ದು 1 ವರ್ಷ 2 ತಿಂಗಳು. ಅಷ್ಟರಲ್ಲಿ ಬಡತನಕ್ಕೆ ಬಿದ್ದಿದ್ದ ಸಮುರಾಯ್ ಮನೆತನದ ಸೆತ್ಸು ಎಂಬಾಕೆಯ ಜೊತೆ ಸಂಸಾರ ಹೂಡಿದರು. ಆಕೆ ಹೇಳಿದ ದೆವ್ವದ ಕತೆಗಳನ್ನು ಇಂಗ್ಲಿಷಿನಲ್ಲಿ ಬರೆದೇ ಜಗತ್ತಿಗೆ ಗೊತ್ತಾದರು. ಮುಂದೆ ಕುಮಾಮೊತೊ, ಕೋಬೆ, ಆಮೇಲೆ ಟೋಕಿಯೋದ ಇಂಪೀರಿಯಲ್ ವಿಶ್ವವಿದ್ಯಾಲಯ. 1896ರಲ್ಲಿ ಜಪಾನಿನ ಪೌರತ್ವ ಪಡೆದು ಕೊಯಿಜುಮಿ ಯಾಕುಮೊ ಆದರು. ಇವತ್ತು ಜಪಾನಿನ ಸಣ್ಣ ಊರಿಗೆ ಇಂಗ್ಲಿಷ್ ಕಲಿಸಲು ಹೋಗುವ ಪ್ರತಿಯೊಬ್ಬರಿಗೂ ಈ ಮನುಷ್ಯನ ಕತೆಯನ್ನು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಆದರೆ ಆ ಕತೆಯ ಕೊನೆಯನ್ನು ಹೇಳುವವರು ಕಡಿಮೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಪಾನಿನ ಮೊದಲ ಇಂಗ್ಲಿಷ್ ಮೇಷ್ಟ್ರು ಪಾಠ ಮಾಡಿದ್ದು ಬಂದಿಯಾಗಿದ್ದುಕೊಂಡು. ಪರದೇಶದವರಿಗೆ ಬಾಗಿಲು ಮುಚ್ಚಿದ್ದ ಕಾಲ ಅದು. 1848ರಲ್ಲಿ ರಾನಾಲ್ಡ್ ಮೆಕ್‌ಡೊನಾಲ್ಡ್ ಎಂಬ ಯುವಕ ತಿಮಿಂಗಿಲ ಬೇಟೆಯ ಹಡಗಿನಿಂದ ಇಳಿದು, ಸಣ್ಣ ದೋಣಿಯಲ್ಲಿ ಬೇಕೆಂದೇ ಜಪಾನಿನ ಉತ್ತರದ ದ್ವೀಪವೊಂದಕ್ಕೆ ಬಂದ. ತಾಯಿ ಉತ್ತರ ಅಮೆರಿಕದ ಚಿನೂಕ್ ಬುಡಕಟ್ಟಿನವಳು, ತಂದೆ ಸ್ಕಾಟ್ಲೆಂಡಿನವನು. ಅವನನ್ನು ಹಿಡಿದು ನಾಗಸಾಕಿಗೆ ಸಾಗಿಸಿ ಕೂಡಿಹಾಕಿದರು. ಅಲ್ಲಿ ಸರ್ಕಾರದ 14 ಮಂದಿ ದುಭಾಷಿಗಳು ಅವನ ಹತ್ತಿರ ಇಂಗ್ಲಿಷ್ ಕಲಿತರು. ಆರು ವರ್ಷದ ನಂತರ ಅಮೆರಿಕದ ಪೆರಿ ಯುದ್ಧನೌಕೆಗಳನ್ನು ತಂದು ಒಪ್ಪಂದಕ್ಕೆ ಕೂತಾಗ ಜಪಾನಿನ ಕಡೆ ದುಭಾಷಿಯಾಗಿ ಕೂತಿದ್ದ ಮೊರಿಯಾಮಾ ಎಂಬಾತ ಆ 14 ಮಂದಿಯಲ್ಲಿ ಒಬ್ಬ.

1868ರಲ್ಲಿ ಮೇಜಿ ಸರ್ಕಾರ ಬಂದ ಮೇಲೆ ಹೊರಗಿನ ಮೇಷ್ಟ್ರನ್ನು ದುಡ್ಡು ಕೊಟ್ಟು ಕರೆಸುವುದು ರಾಜ್ಯದ ನೀತಿಯೇ ಆಯಿತು. ರೈಲು, ದೀಪಸ್ತಂಭ, ವೈದ್ಯಕೀಯ, ಕಾನೂನು, ಹೀಗೆ ಎಲ್ಲದಕ್ಕೂ ಹೊರಗಿನವರು. ದೊಡ್ಡ ನಗರಗಳಲ್ಲಿ ಮಾತ್ರ ಅಂತಲ್ಲ. ಫುಕುಯಿ ಎಂಬ ಒಳನಾಡಿನ ಪಟ್ಟಣಕ್ಕೆ 1871ರಲ್ಲಿ ವಿಲಿಯಂ ಗ್ರಿಫಿಸ್ ಎಂಬ ಅಮೆರಿಕನ್ ಯುವಕ ರಸಾಯನಶಾಸ್ತ್ರ, ಭೌತಶಾಸ್ತ್ರ ಕಲಿಸಲು ಹೋದ. ಅವನು ಅಲ್ಲಿದ್ದಾಗಲೇ ಊರಿನ ಪಾಳೇಗಾರಿಕೆ ರದ್ದಾಯಿತು. ಅವನನ್ನು ಕರೆಸಿಕೊಂಡಿದ್ದ ದೊರೆಯೇ ಕೋಟೆ ಬಿಟ್ಟು ಹೊರಟದ್ದನ್ನು ಕಣ್ಣಾರೆ ಕಂಡು ಬರೆದಿಟ್ಟ.

ಇವರೆಲ್ಲರ ನೇಮಕದಲ್ಲಿ ಒಂದು ಸಾಮಾನ್ಯ ಅಂಶ ಇತ್ತು. ಸಂಬಳ ಭಾರಿ, ಕರಾರಿಗೆ ಅವಧಿ ಇದೆ. ಕರಾರು ನಡೆಯುತ್ತಿರುವಾಗಲೇ ಅದೇ ವಿಷಯ ಕಲಿಯಲು ಜಪಾನಿ ಹುಡುಗರನ್ನು ಹೊರದೇಶಕ್ಕೆ ಕಳಿಸುತ್ತಿದ್ದರು. ಅವರು ಓದಿ ಬಂದ ದಿನ ಹೊರಗಿನ ಮೇಷ್ಟ್ರಿಗೆ ಬೀಳ್ಕೊಡುಗೆ.

ಇದರ ನಡುವೆ ಒಂದು ವಾದ ನಡೆಯಿತು. ಅದನ್ನು ಕೇಳಿದರೆ ನಮ್ಮ ವಿಧಾನಸಭೆಯ ಚರ್ಚೆ ಕೇಳಿದ ಹಾಗೇ ಆಗುತ್ತದೆ. ಅಮೆರಿಕದಲ್ಲಿ ಜಪಾನಿನ ಪ್ರತಿನಿಧಿಯಾಗಿದ್ದ ಮೊರಿ ಅರಿನೊರಿ 1872ರ ಸುಮಾರಿಗೆ, ಜಪಾನಿ ಭಾಷೆಯಿಂದ ಆಧುನಿಕ ವಿದ್ಯೆ ಸಾಧ್ಯವಿಲ್ಲ, ದೇಶ ಇಂಗ್ಲಿಷನ್ನೇ ತರುವುದು ಒಳ್ಳೆಯದು ಎಂಬ ವಿಚಾರ ಮುಂದಿಟ್ಟರು. ಯೇಲ್ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞ ವಿಟ್ನಿಗೆ ಪತ್ರ ಬರೆದು ಸಲಹೆ ಕೇಳಿದರು. ವಿಟ್ನಿ ಬೇಡ ಎಂದರು. ಲಂಡನ್ನಿನಲ್ಲಿ ಓದುತ್ತಿದ್ದ ಬಾಬಾ ತಾತ್ಸುಇ ಎಂಬ ಯುವಕ 1873ರಲ್ಲಿ ಜಪಾನಿ ಭಾಷೆಗೆ ಇಂಗ್ಲಿಷಿನಲ್ಲಿ ಒಂದು ವ್ಯಾಕರಣ ಬರೆದು ಅದರ ಮುನ್ನುಡಿಯಲ್ಲೇ ಮೊರಿಗೆ ಉತ್ತರ ಕೊಟ್ಟ. ಇಂಗ್ಲಿಷ್ ತಂದರೆ ಅದನ್ನು ಕಲಿಯಲು ಪುರುಸೊತ್ತಿರುವ ಮೇಲಿನವರು ಒಂದು ಕಡೆ, ದುಡಿದು ತಿನ್ನುವ ಜನ ಇನ್ನೊಂದು ಕಡೆ ಆಗುತ್ತಾರೆ, ಇಬ್ಬರ ನಡುವೆ ಮಾತೇ ನಿಂತುಹೋಗುತ್ತದೆ ಎನ್ನುವುದು ಅವನ ವಾದದ ಸಾರ. ಮೊರಿ ಮುಂದೆ 1885ರಲ್ಲಿ ದೇಶದ ಮೊದಲ ಶಿಕ್ಷಣ ಮಂತ್ರಿಯಾದರು. ಆದರೂ ಶಾಲೆಗಳು ಹಿಡಿದದ್ದು ಬಾಬಾನ ದಾರಿ.

ಹಿಡಿಯಲು ಆದದ್ದು ಹೇಗೆ? ಪದಗಳನ್ನು ಮೊದಲೇ ಕಟ್ಟಿಕೊಂಡಿದ್ದರು. ವಿಜ್ಞಾನ, ಸಮಾಜ, ತತ್ವಶಾಸ್ತ್ರ ಇವಕ್ಕೆಲ್ಲ ಆ ಇಪ್ಪತ್ತು ವರ್ಷಗಳಲ್ಲಿ ಚೀನಿ ಅಕ್ಷರಗಳನ್ನು ಜೋಡಿಸಿ ಹೊಸ ಮಾತು ಮಾಡಿದರು, ನಾವು ಸಂಸ್ಕೃತದಿಂದ ಮಾಡಿಕೊಂಡ ಹಾಗೆ. 1877ರಲ್ಲಿ ಟೋಕಿಯೋ ವಿಶ್ವವಿದ್ಯಾಲಯ ಶುರುವಾದಾಗ ಅಲ್ಲಿ ಬಹುಪಾಲು ಪಾಠ ಇಂಗ್ಲಿಷಿನಲ್ಲೇ ಇತ್ತು. 1880ರ ದಶಕದಿಂದ ಅದು ಮೆಲ್ಲಗೆ ಜಪಾನಿಗೆ ತಿರುಗಿತು. ಇಂಗ್ಲಿಷ್ ಮಾಧ್ಯಮದ ಪಟ್ಟದಿಂದ ಇಳಿದು ವೇಳಾಪಟ್ಟಿಯ ಒಂದು ವಿಷಯವಾಗಿ ಕೂತಿತು.

ಈಗ ಹರ್ನ್ ಕತೆಯ ಕೊನೆಗೆ ಬರೋಣ. ಟೋಕಿಯೋದಲ್ಲಿ ಅವರ ಸಂಬಳ ತಿಂಗಳಿಗೆ 400 ಯೆನ್. 1903ರಲ್ಲಿ ವಿಶ್ವವಿದ್ಯಾಲಯ ಅವರ ಕರಾರು ಮುಂದುವರಿಸಲಿಲ್ಲ. ಹುಡುಗರು ಗಲಾಟೆ ಮಾಡಿದರು, ಪ್ರಯೋಜನ ಆಗಲಿಲ್ಲ. ಆ ಜಾಗಕ್ಕೆ ಬಂದವರಲ್ಲಿ ಒಬ್ಬರು ನಾತ್ಸುಮೆ ಸೊಸೆಕಿ. 1895ರಲ್ಲಿ ಮಾತ್ಸುಯಾಮಾ ಎಂಬ ಊರಿನ ಮಿಡ್ಲ್ ಸ್ಕೂಲಿನಲ್ಲಿ 80 ಯೆನ್ನಿಗೆ ಇಂಗ್ಲಿಷ್ ಕಲಿಸಿ, ಕುಮಾಮೊತೊದಲ್ಲಿ ನಾಲ್ಕು ವರ್ಷ ಮೇಷ್ಟ್ರಾಗಿ, ಆಮೇಲೆ ಸರ್ಕಾರದ ಖರ್ಚಿನಲ್ಲಿ ಎರಡು ವರ್ಷ ಲಂಡನ್ನಿನಲ್ಲಿದ್ದು ಬಂದವರು. ಮಾತ್ಸುಯಾಮಾದ ಅನುಭವ ಇಟ್ಟುಕೊಂಡು 1906ರಲ್ಲಿ ‘ಬೊಚ್ಚಾನ್’ ಎಂಬ ಕಾದಂಬರಿ ಬರೆದರು. ಸ್ಟಾಫ್ ರೂಮಿನ ರಾಜಕೀಯ ಗೊತ್ತಿರುವ ಯಾವ ಮೇಷ್ಟ್ರು ಓದಿದರೂ ನಗು ಬರುವಂಥದ್ದು. ಹರ್ನ್ ಮರುವರ್ಷ, 1904ರಲ್ಲಿ, ತೀರಿಕೊಂಡರು. ಕರಾರು ಮುರಿದ ರೀತಿ ನಿಷ್ಠುರವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂವತ್ತು ವರ್ಷದಿಂದ ಹಾಕಿಕೊಂಡಿದ್ದ ಲೆಕ್ಕ ಅಲ್ಲಿಗೆ ಬಂದು ಸರಿಹೋಯಿತು.

ಹರ್ನ್ ಟೋಕಿಯೋದಲ್ಲಿ ಪಾಠ ಮಾಡುತ್ತಿದ್ದ ಆ ದಿನಗಳಲ್ಲೇ, 1898ರಲ್ಲಿ, ನಮ್ಮವರೊಬ್ಬರು ಜಪಾನ್ ನೋಡಲು ಹೋದರು. ಬೊಂಬಾಯಿ ಪ್ರಾಂತ್ಯದಲ್ಲಿ ಇಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯ. ಸುಮಾರು ಮೂರು ತಿಂಗಳು ಸುತ್ತಾಡಿ ಕಾರ್ಖಾನೆ, ಶಾಲೆ ನೋಡಿದರು. 1912ರಲ್ಲಿ ಮೈಸೂರಿನ ದಿವಾನರಾದ ಮೇಲೆ ಅವರು ಮಾಡಿದ ಎಷ್ಟೋ ಕೆಲಸದ ಹಿಂದೆ ಆ ಮೂರು ತಿಂಗಳಿದೆ. 1913ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ, 1916ರ ಮೈಸೂರು ವಿಶ್ವವಿದ್ಯಾಲಯ, ರೇಷ್ಮೆ, ಸೋಪು, ಬ್ಯಾಂಕು. ಅವರ ಆರು ವರ್ಷದ ಅವಧಿಯಲ್ಲಿ ಸಂಸ್ಥಾನದ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ ಏರಿದವು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಹಾಸನ ಸೀಮೆಯ ಹಳ್ಳಿಗಳಲ್ಲಿ ಅಕ್ಷರ ಕಂಡ ಮೊದಲ ತಲೆಮಾರಿನ ಎಷ್ಟೋ ಮನೆಗಳು ಆ ಲೆಕ್ಕದೊಳಗೇ ಬರುತ್ತವೆ. ದಿವಾನಗಿರಿ ಬಿಟ್ಟ ಮೇಲೆ 1919ರಲ್ಲಿ ಮತ್ತೆ ಜಪಾನಿಗೆ ಹೋಗಿ ಬಂದರು.

ರೇಷ್ಮೆಯಲ್ಲಂತೂ ಮೇಷ್ಟ್ರುಗಳು ಎದುರು ದಿಕ್ಕಿನಿಂದಲೇ ಬಂದಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಮ್ಷೆಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿ ಕಡೆ ರೇಷ್ಮೆ ಫಾರಂ ಮಾಡಿ, ಕಲಿಸಿಕೊಡಲು ಜಪಾನಿನಿಂದ ತಜ್ಞರನ್ನು ಕರೆಸಿದ್ದರು.

ಹೀಗೆ ಜಪಾನಿನಿಂದ ನಾವು ಶಾಲೆ ತಂದೆವು, ಕೈಗಾರಿಕೆ ತಂದೆವು. ತಾರದೆ ಬಿಟ್ಟದ್ದು ಒಂದು: ಮೇಲಿನ ಓದನ್ನು ನಮ್ಮ ಭಾಷೆಗೆ ಇಳಿಸುವ ಕೆಲಸ. ಪ್ರಯತ್ನಪಟ್ಟವರು ಇರಲಿಲ್ಲ ಅಂತಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಎರಡು ವರ್ಷ ನಡೆದು ನಿಂತಿತು. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಕನ್ನಡ ಮಾಧ್ಯಮಕ್ಕೂ ಕನ್ನಡ ಪಠ್ಯಗಳಿಗೂ ದಾರಿ ಮಾಡಿದರು. ಜಪಾನ್ 1880ರ ದಶಕದಲ್ಲಿ ಮಾಡಿದ್ದನ್ನು ನಾವು ಶುರು ಮಾಡಲು 1956 ಆಯಿತು. ಅಷ್ಟೊತ್ತಿಗೆ ಡಾಕ್ಟರು, ಇಂಜಿನಿಯರು, ವಕೀಲರು ಎಲ್ಲರ ಭಾಷೆಯೂ ಗಟ್ಟಿಯಾಗಿ ಕೂತಾಗಿತ್ತು.

ವಿ.ಕೃ. ಗೋಕಾಕರನ್ನು ಇಲ್ಲಿ ನೆನೆಯಬೇಕು. ಜೀವನವಿಡೀ ಇಂಗ್ಲಿಷ್ ಪ್ರಾಧ್ಯಾಪಕರು. ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡಲೆಂದೇ 1958ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರಾಗಿದ್ದವರು. ಅದೇ ಗೋಕಾಕರ ಸಮಿತಿ 1981ರಲ್ಲಿ, ಹೈಸ್ಕೂಲಿನಲ್ಲಿ ಕನ್ನಡವೊಂದೇ 150 ಅಂಕದ ಪ್ರಥಮ ಭಾಷೆಯಾಗಲಿ ಎಂದು ವರದಿ ಕೊಟ್ಟಿತು. ಡಾ. ರಾಜ್‌ಕುಮಾರ್ ಬೀದಿಗಿಳಿದದ್ದು ಆ ವರದಿಗಾಗಿ. ಇಂಗ್ಲಿಷನ್ನು ವಿಷಯವಾಗಿ ಚೆನ್ನಾಗಿ ಕಲಿಸಬೇಕು, ಓದು ಮಾತ್ರ ಮನೆಮಾತಿನಲ್ಲಿ ನಡೆಯಬೇಕು ಎಂದರೆ ಅದು ಒಬ್ಬ ಇಂಗ್ಲಿಷ್ ಮೇಷ್ಟ್ರ ಬಾಯಲ್ಲೂ ಬರಬಹುದಾದ ಮಾತು ಎನ್ನುವುದಕ್ಕೆ ನನಗೆ ಗೋಕಾಕರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಆಮೇಲಿನದು ನಿಮಗೆ ಗೊತ್ತಿದೆ. 1994ರ ಭಾಷಾ ನೀತಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಅದು ಬಿದ್ದದ್ದು, 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದದ್ದು. ಹಿರೀಸಾವೆ ಹೋಬಳಿಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನಿಂತು ನೋಡಿ, ಹಳದಿ ವ್ಯಾನುಗಳು ಯಾವ ಯಾವ ಹಳ್ಳಿಯ ತೆಂಗಿನ ತೋಟದ ಸಂದಿಯಿಂದ ಮಕ್ಕಳನ್ನು ತುಂಬಿಕೊಂಡು ಬರುತ್ತವೆ ಅಂತ.

ಇತ್ತ ಜಪಾನಿನಲ್ಲಿ ನೂರು ವರ್ಷದಲ್ಲಿ ಇನ್ನೊಂದು ತೊಂದರೆ ಬೆಳೆದಿತ್ತು. ಇಂಗ್ಲಿಷ್ ಪರೀಕ್ಷೆಯ ವಿಷಯವಾಗಿ ಒಣಗಿತು. ವ್ಯಾಕರಣ ಬಾಯಿಪಾಠ, ಮಾತು ಸೊನ್ನೆ. 1980ರ ದಶಕದಲ್ಲಿ ಅಮೆರಿಕದ ಜೊತೆ ವ್ಯಾಪಾರದ ಜಗಳ ಜೋರಾದಾಗ ನಕಸೋನೆ ಸರ್ಕಾರ ಮತ್ತೆ ಹಳೇ ಉಪಾಯ ತೆಗೆಯಿತು. 1987ರಲ್ಲಿ ‘ಜೆಟ್’ ಎಂಬ ಯೋಜನೆ ಶುರು. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಿಂದ 848 ಮಂದಿ. ಈಗ ಹಲವು ದೇಶಗಳಿಂದ ವರ್ಷಕ್ಕೆ ಐದು ಸಾವಿರಕ್ಕೂ ಹೆಚ್ಚು. ಡಿಗ್ರಿ ಇರಬೇಕು. ಒಂದೊಂದೇ ವರ್ಷದ ಕರಾರು, ಹೆಚ್ಚೆಂದರೆ ಐದು ವರ್ಷ. ಊರು ಯಾವುದು ಅಂತ ನೀವು ಆರಿಸುವಂತಿಲ್ಲ. ಮಾತ್ಸುಎಯೂ ಆಗಬಹುದು, ಫುಕುಯಿಯೂ ಆಗಬಹುದು, ಬಸ್ಸು ಅಪರೂಪದ ದ್ವೀಪವೂ ಆಗಬಹುದು. 2012ರಲ್ಲಿ ನಿಗದಿಯಾದ ಮೊದಲ ವರ್ಷದ ಸಂಬಳ 33.6 ಲಕ್ಷ ಯೆನ್ ಆಗಿತ್ತು, ನಮ್ಮ ದುಡ್ಡಿನಲ್ಲಿ 20 ಲಕ್ಷ ರೂಪಾಯಿಯ ಆಸುಪಾಸು.

ಕೆಲಸದ ಹೆಸರು ಸಹಾಯಕ ಭಾಷಾ ಶಿಕ್ಷಕ. ಇದರಲ್ಲಿ ‘ಸಹಾಯಕ’ ಎನ್ನುವ ಪದವನ್ನು ಜನ ಗಮನಿಸುವುದಿಲ್ಲ. ಪಾಠದ ಹೊಣೆ ಜಪಾನಿ ಮೇಷ್ಟ್ರದ್ದು. ಪಕ್ಕದಲ್ಲಿ ನಿಂತು ಓದಿ ತೋರಿಸುವುದು, ಆಟ ಆಡಿಸುವುದು, ಉಚ್ಚಾರಣೆ ತಿದ್ದುವುದು ನಿಮ್ಮ ಕೆಲಸ. ಡಿಸಿ ಬಿಟ್ಟರೆ ಮೇಷ್ಟ್ರೇ ಎಂಬ ಕಾಲ ಯಾವತ್ತೋ ಮುಗಿಯಿತು. ಜೆಟ್ ಅಲ್ಲದೆ ಖಾಸಗಿ ಕಂಪನಿಗಳೂ ಮೇಷ್ಟ್ರನ್ನು ಶಾಲೆಗಳಿಗೆ ಗುತ್ತಿಗೆಯಲ್ಲಿ ಒದಗಿಸುತ್ತವೆ. ಅಲ್ಲಿ ಸಂಬಳ ಕಡಿಮೆ, ಕೆಲವು ಕಡೆ ರಜೆಯ ತಿಂಗಳಲ್ಲಿ ಇನ್ನೂ ಕಡಿತ. ಫಿಲಿಪ್ಪೀನ್ಸಿನವರು ಈಚೆಗೆ ಹೆಚ್ಚು ಸಿಗುವುದು ಇಂಥ ಕೆಲಸಗಳಲ್ಲೇ. ಐದು ಮತ್ತು ಆರನೇ ತರಗತಿಗೆ 2020ರಿಂದ ಇಂಗ್ಲಿಷ್ ಅಲ್ಲಿ ಪೂರ್ಣ ಪ್ರಮಾಣದ ವಿಷಯ, ಹಾಗಾಗಿ ಬೇಡಿಕೆ ಇದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದು 2007-08ಕ್ಕೇ ಆಯಿತು ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ.

ಈ ಬೇಡಿಕೆಯ ಸುದ್ದಿ ವಾಟ್ಸಾಪಿನಲ್ಲಿ ನಮ್ಮ ಹೋಬಳಿಗೂ ಬಂತು. ಹಿರೀಸಾವೆ ಪಕ್ಕದ ಹಳ್ಳಿಯ ಹುಡುಗಿಯೊಬ್ಬಳು ಫೋನ್ ಹಿಡಿದುಕೊಂಡು ಬಂದಳು. ಇಂಗ್ಲಿಷ್ ಎಂ.ಎ., ಬಿ.ಎಡ್. ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ, ಹತ್ತು ಹನ್ನೆರಡು ಸಾವಿರದ ಗೌರವಧನ, ಅದೂ ನಾಲ್ಕು ತಿಂಗಳಿಗೊಮ್ಮೆ ಬಂದರೆ ಬಂತು. ಅವಳ ಪ್ರಶ್ನೆ ಒಂದೇ.

“ಅಣ್ಣ, ಹನ್ನೆರಡು ವರ್ಷ ಇಂಗ್ಲಿಷಲ್ಲೇ ಓದಿರ್ಬೇಕು ಅಂತ ಹಾಕವ್ರಲ್ಲ, ಇದು ನಿಜವಾ?”

ನಿಜ. ಜಪಾನಿನ ವೀಸಾ ನಿಯಮದಲ್ಲೇ ಅದು ಇದೆ. ಭಾಷೆ ಕಲಿಸಲು ಬರುವವರು ಸಾಮಾನ್ಯವಾಗಿ ಅದೇ ಭಾಷೆಯ ಮಾಧ್ಯಮದಲ್ಲಿ 12 ವರ್ಷ ಓದಿರಬೇಕು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದರಿಂದ ಹತ್ತು ಕನ್ನಡ ಮಾಧ್ಯಮ. ಪಿಯುಸಿ ಆರ್ಟ್ಸ್ ಕನ್ನಡ. ಬಿ.ಎ. ಕನ್ನಡದಲ್ಲೇ ಬರೆದದ್ದು, ಐಚ್ಛಿಕ ಇಂಗ್ಲಿಷ್ ಬಿಟ್ಟು. ಎಂ.ಎ. ಎರಡು ವರ್ಷ, ಬಿ.ಎಡ್. ಎರಡು ವರ್ಷ. ಒಟ್ಟು ನಾಲ್ಕು. ಷೇಕ್ಸ್‌ಪಿಯರ್ ಪಾಠ ಮಾಡಬಲ್ಲವಳಿಗೆ ಎಂಟು ವರ್ಷ ಕಮ್ಮಿ ಬಿತ್ತು. ಅದೇ ಊರಿನಲ್ಲಿ ಕಾನ್ವೆಂಟಿಗೆ ಹೋಗಿ, ಬಿ.ಕಾಂ. ಮಾಡಿಕೊಂಡು, ಮಕ್ಕಳಿಗೆ ಒಂದು ದಿನವೂ ಪಾಠ ಹೇಳದ ಹುಡುಗನಿಗೆ ಲೆಕ್ಕ ಸರಿಹೋಗುತ್ತದೆ. “ಅಂಗಾದ್ರೆ ನಮ್ಮಪ್ಪ ವ್ಯಾನಿಗೆ ದುಡ್ಡು ಕಟ್ಟಿದ್ರೆ ಆಗ್ತಿತ್ತು ಅನ್ನಿ” ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನನಗೆ ಸಿಟ್ಟು ಬಂದದ್ದು ಜಪಾನಿನ ಮೇಲಲ್ಲ. ತನ್ನ ಮಕ್ಕಳನ್ನು ವೈದ್ಯಕೀಯದವರೆಗೂ ತನ್ನ ಭಾಷೆಯಲ್ಲೇ ಓದಿಸುವ ದೇಶ ಅದು. ಇಂಗ್ಲಿಷ್ ಬೇಕಾದಾಗ ಹುಟ್ಟಿನಿಂದ ಇಂಗ್ಲಿಷ್ ಆಡುವವರನ್ನು ಬಾಡಿಗೆಗೆ ಕರೆಯುತ್ತದೆ, ಅದು ಅವರ ಇಷ್ಟ. ನಮ್ಮಲ್ಲಿ ಮಾತ್ರ ಜಪಾನನ್ನು ತೋರಿಸಿಯೇ ಕನ್ನಡ ಮಾಧ್ಯಮ ಸಾಕು ಎಂದು ವೇದಿಕೆಯಲ್ಲಿ ಭಾಷಣ ಮಾಡುತ್ತಾರೆ. ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲಿ ಕೆಲಸ ಕೊಡುವ ಜವಾಬ್ದಾರಿ ಬಂದಾಗ ಅದೇ ಭಾಷಣಕಾರರು ವೇದಿಕೆ ಇಳಿದು ಹೋಗಿರುತ್ತಾರೆ. ಟೋಕಿಯೋದಲ್ಲಿ ಸೊಸೆಕಿಗೆ ಒಂದು ಕುರ್ಚಿ ಕಾದಿತ್ತು. ಈ ಹುಡುಗಿಗೆ ಇರುವುದು ಪ್ರತಿ ಜೂನಿನಲ್ಲಿ ಹೊಸದಾಗಿ ಅರ್ಜಿ ಹಾಕಬೇಕಾದ ಅತಿಥಿ ಹುದ್ದೆ. ಜಪಾನಿನ ಉದಾಹರಣೆ ಕೊಡುವುದಾದರೆ ಕುರ್ಚಿಯ ಸಮೇತ ಕೊಡಬೇಕು.

ಇಂಥ ಕಡೆಗೇ ಏಜೆಂಟರು ನುಗ್ಗುವುದು. 12 ವರ್ಷದ ಕಾಗದ ಮಾಡಿಸಿಕೊಡುತ್ತೇವೆ, ಮುಂಗಡ ಕಟ್ಟಿ ಎನ್ನುವ ಮೆಸೇಜುಗಳನ್ನು ನಾನೇ ನೋಡಿದ್ದೇನೆ. ಸುಳ್ಳು ಕಾಗದ ಕೊಟ್ಟು ವೀಸಾ ಕೇಳಿದರೆ ಹೋಗುವುದು ಮುಂಗಡ ಮಾತ್ರವಲ್ಲ, ಮುಂದೆ ಆ ದೇಶಕ್ಕೆ ಹೋಗುವ ದಾರಿಯೂ ಮುಚ್ಚಬಹುದು. ದಯವಿಟ್ಟು ಕಟ್ಟಬೇಡಿ.

ಜಪಾನಿಗೆ ಹೋಗಲು ಇಂಗ್ಲಿಷ್ ಕಲಿಸುವುದೊಂದೇ ದಾರಿ ಅಂತೂ ಅಲ್ಲ. ಅಲ್ಲಿ ಮುದುಕರು ಹೆಚ್ಚು, ದುಡಿಯುವ ಕೈ ಕಡಿಮೆ. ನುರಿತ ಕೆಲಸಗಾರರನ್ನು ಕಳಿಸುವ ಬಗ್ಗೆ 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಒಪ್ಪಂದ ಮಾಡಿಕೊಂಡವು. 2025ರ ಆಗಸ್ಟಿನಲ್ಲಿ ಎರಡೂ ದೇಶಗಳು, ಐದು ವರ್ಷದಲ್ಲಿ 5 ಲಕ್ಷ ಜನರ ಓಡಾಟ, ಅದರಲ್ಲಿ ಭಾರತದಿಂದ 50 ಸಾವಿರ ಕುಶಲ ಕೆಲಸಗಾರರು ಮತ್ತು ಪ್ರತಿಭಾವಂತರು ಎಂಬ ಗುರಿ ಹೇಳಿಕೊಂಡಿವೆ. ಹಿರಿಯರ ಆರೈಕೆ, ಕೃಷಿ, ಕಟ್ಟಡ, ಹೋಟೆಲು ಇಂಥ ಕೆಲಸಗಳು. ಮೇಷ್ಟ್ರ ಕೆಲಸದ ಮರ್ಯಾದೆ ಇವಕ್ಕೆ ಇದೆಯಾ ಅಂದರೆ ನಮ್ಮ ಊರಿನ ಕಣ್ಣಲ್ಲಿ ಇಲ್ಲ. ಆದರೆ ಇಲ್ಲಿ ಯಾವ ಮಾಧ್ಯಮದಲ್ಲಿ ಓದಿದಿರಿ ಎಂದು ಯಾರೂ ಕೇಳುವುದಿಲ್ಲ. ಕೆಲಸ ಬರುತ್ತದಾ ಎಂಬ ಪರೀಕ್ಷೆ ಒಂದು, ಜಪಾನಿ ಭಾಷೆ ಬರುತ್ತದಾ ಎಂಬ ಪರೀಕ್ಷೆ ಇನ್ನೊಂದು. ಭಾಷೆಯಲ್ಲಿ ಸಾಮಾನ್ಯವಾಗಿ ಎನ್-4 ಮಟ್ಟ ಸಾಕು. ಐದು ಮಟ್ಟಗಳಲ್ಲಿ ಅದು ಕೆಳಗಿನಿಂದ ಎರಡನೆಯದು.

ಲಿಪಿ ಕಷ್ಟ, ಅದರಲ್ಲಿ ಸುಳ್ಳಿಲ್ಲ. ಆದರೆ ವಾಕ್ಯ ನಮ್ಮದೇ ಥರ. “ನಾನು ನಿನ್ನೆ ಹಾಸನಕ್ಕೆ ಹೋದೆ” ಅನ್ನುವುದನ್ನು ಜಪಾನಿನವರು “ವಾತಾಶಿ ವಾ ಕಿನೋ ಹಾಸನ್ ನಿ ಇತ್ತಾ” ಅನ್ನುತ್ತಾರೆ. ನಾನು, ನಿನ್ನೆ, ಹಾಸನ, ಕ್ಕೆ, ಹೋದೆ. ಒಂದು ಪದವೂ ಜಾಗ ಬದಲಿಸಿಲ್ಲ. ನಮ್ಮ ವಿಭಕ್ತಿ ಪ್ರತ್ಯಯ ಎಲ್ಲಿ ಅಂಟುತ್ತದೋ ಅವರದ್ದೂ ಅಲ್ಲೇ, ಪದದ ಹಿಂದೆ. ಪ್ರಶ್ನೆ ಕೇಳಲು ನಾವು ಕೊನೆಗೆ “ಆ” ಸೇರಿಸಿದ ಹಾಗೆ ಅವರು “ಕಾ” ಸೇರಿಸುತ್ತಾರೆ. ಇಂಗ್ಲಿಷಿನಲ್ಲಿ ಯೋಚಿಸಿ ಅಭ್ಯಾಸವಾದವರು ವಾಕ್ಯವನ್ನು ತಲೆಕೆಳಗು ಮಾಡಿಕೊಳ್ಳಬೇಕು. ಕನ್ನಡದಲ್ಲಿ ಹತ್ತು ವರ್ಷ ವಾಕ್ಯ ಬರೆದವರಿಗೆ ಆ ಕಷ್ಟ ಇಲ್ಲ. ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಅರ್ಜಿಯ ಕೊನೆಯ ದಿನಾಂಕ ಪರೀಕ್ಷೆಗೆ ತಿಂಗಳುಗಳ ಮೊದಲೇ ಮುಗಿದುಹೋಗುತ್ತದೆ, ನೋಡಿಕೊಳ್ಳಿ.